ಸಂಜ್ಞಾ ಭಾಷಾ ಕಾನೂನುಗಳು

ಕಿವುಡರ ಸಂಜ್ಞಾ ಭಾಷೆಯನ್ನು ಸ್ವತಂತ್ರ ಭಾಷೆಯೆಂದು ಮಾನ್ಯ ಮಾಡಿ, ಅದರ ಬಳಕೆಯನ್ನು ಬೆಳೆಸಲು ಮತ್ತು ಆಸ್ಪತ್ರೆ, ನ್ಯಾಯಾಲಯ, ಶಾಲೆ, ಸರ್ಕಾರಿ ಕಚೇರಿಗಳ ಸೇವೆ ಆ ಭಾಷೆಯಲ್ಲಿ ದೊರಕುವಂತೆ ಮಾಡಲು ರೂಪಿಸಿದ ಶಾಸನಗಳು. ಇವು 20ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಕಾಣಿಸಿಕೊಳ್ಳತೊಡಗಿದವು. ಹೆಚ್ಚಿನವು 2005ರಿಂದ ಈಚಿನವು. ವಿಶ್ವ ಕಿವುಡರ ಒಕ್ಕೂಟದ ಅಂದಾಜಿನಂತೆ ಜಗತ್ತಿನಲ್ಲಿ 7 ಕೋಟಿಗೂ ಹೆಚ್ಚು ಕಿವುಡರಿದ್ದಾರೆ, 300ಕ್ಕೂ ಹೆಚ್ಚು ಸಂಜ್ಞಾ ಭಾಷೆಗಳಿವೆ. ಜಗತ್ತಿಗೆಲ್ಲ ಒಂದೇ ಸಂಜ್ಞಾ ಭಾಷೆ ಇದೆ ಎಂಬ ನಂಬಿಕೆ ತಪ್ಪು. ಬ್ರಿಟನ್ನಿನವರೂ ಅಮೆರಿಕದವರೂ ಇಂಗ್ಲಿಷನ್ನೇ ಆಡಿದರೂ ಅಲ್ಲಿನ ಕಿವುಡರ ಭಾಷೆಗಳು ಬೇರೆ ಬೇರೆ. ಅಮೆರಿಕದ್ದು ಫ್ರೆಂಚ್ ಸಂಜ್ಞಾ ಭಾಷೆಗೆ ಹತ್ತಿರವಾದದ್ದು. ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಸಂಜ್ಞಾ ಭಾಷೆಗಳು ಇನ್ನೊಂದು ಕುಟುಂಬ.

ಇಂಥ ಕಾನೂನು ಏಕೆ ಬೇಕು ಎಂಬುದಕ್ಕೆ ಆಸ್ಪತ್ರೆಯ ಹೊರರೋಗಿ ವಿಭಾಗವೇ ಸಾಕ್ಷಿ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತ ಕಿವುಡ ಹೆಂಗಸಿಗೆ ತನ್ನ ಹೆಸರು ಕೂಗಿದ್ದು ಕೇಳುವುದಿಲ್ಲ, ಸರದಿ ತಪ್ಪುತ್ತದೆ. ಒಳಗೆ ಹೋದರೆ ವೈದ್ಯರ ಬಾಯಿ ಮಾಸ್ಕಿನ ಹಿಂದಿರುತ್ತದೆ. ಬರೆದು ತೋರಿಸಿದರಾಯಿತಲ್ಲ ಎನ್ನುವವರುಂಟು. ಆದರೆ ಹುಟ್ಟು ಕಿವುಡರಿಗೆ ಬರವಣಿಗೆಯ ಭಾಷೆ ಕಿವಿಗೆ ಬೀಳದೆ ಕಲಿತ ಎರಡನೆಯ ಭಾಷೆ. ಔಷಧದ ಪ್ರಮಾಣ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಂಥ ವಿಷಯಗಳನ್ನು ಆ ಭಾಷೆಯಲ್ಲಿ ನಾಲ್ಕು ಸಾಲು ಗೀಚಿ ತಿಳಿಸಿದೆವು ಎಂದುಕೊಳ್ಳುವುದು ಅಪಾಯ. ಕೊನೆಗೆ ಜೊತೆಗೆ ಬಂದ ಒಂಬತ್ತೋ ಹತ್ತೋ ವರ್ಷದ ಮಗಳೇ ತಾಯಿಯ ಗರ್ಭಕೋಶದ ಗಡ್ಡೆಯ ವಿಷಯವನ್ನು ವೈದ್ಯರಿಂದ ಕೇಳಿ, ತನಗೆ ತಿಳಿದಷ್ಟನ್ನು ಕೈಯಲ್ಲಿ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಈ ಭಾರ ಹೊರಿಸುವುದು ಯಾವ ನಾಗರಿಕ ಸಮಾಜಕ್ಕೂ ಶೋಭೆಯಲ್ಲ. ದುಭಾಷಿಯನ್ನು ಕರೆಸುವ ಹೊಣೆ ಯಾರದು, ಅವರ ಶುಲ್ಕ ಕೊಡುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವ ಕಾನೂನು ಮಾತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದೆ ವಿವರಿಸುವ ಶಾಸನಗಳನ್ನು ಅಳೆಯಲು ಇದೇ ಸರಿಯಾದ ಅಳತೆ.

ಹಿನ್ನೆಲೆ

ಸಂಜ್ಞಾ ಭಾಷೆಯ ಮೂಲಕ ಪಾಠ ಹೇಳುವ ಪದ್ಧತಿಗೆ 18ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪಾದ್ರಿ ಅಬೆ ದ ಲೆಪೆ ನೆಲೆ ಒದಗಿಸಿದ. ಸುಮಾರು ಅದೇ ಕಾಲಕ್ಕೆ, 1760ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಥಾಮಸ್ ಬ್ರೇಡ್‌ವುಡ್ ಬ್ರಿಟನ್ನಿನ ಮೊದಲ ಕಿವುಡರ ಶಾಲೆ ತೆರೆದ. ಪ್ಯಾರಿಸ್ಸಿನ ಶಾಲೆಯಲ್ಲಿ ಕಲಿತ ಲೊರಾನ್ ಕ್ಲೇರ್ ಅಟ್ಲಾಂಟಿಕ್ ದಾಟಿಹೋಗಿ, 1817ರಲ್ಲಿ ಥಾಮಸ್ ಗ್ಯಾಲೊಡೆಟ್ ಜೊತೆಗೂಡಿ ಹಾರ್ಟ್‌ಫರ್ಡಿನಲ್ಲಿ ಶಾಲೆ ಆರಂಭಿಸಿದ. ಕಿವುಡರೇ ಕಿವುಡ ಮಕ್ಕಳಿಗೆ ಮೇಷ್ಟ್ರಾಗುವ ಒಳ್ಳೆಯ ಕಾಲ ಅದು.

1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಈ ಹಾದಿಯನ್ನು ಮುಚ್ಚಿತು. ಕಿವುಡ ಮಕ್ಕಳಿಗೆ ತುಟಿ ನೋಡಿ ಮಾತು ಗ್ರಹಿಸುವುದನ್ನೂ ಬಾಯಿಬಿಟ್ಟು ನುಡಿಯುವುದನ್ನೂ ಮಾತ್ರ ಕಲಿಸಬೇಕು ಎಂದು ಅಲ್ಲಿ ನಿರ್ಣಯವಾಯಿತು. ಮತ ಹಾಕಿದ ಪ್ರತಿನಿಧಿಗಳು ಬಹುತೇಕ ಎಲ್ಲರೂ ಕೇಳಬಲ್ಲವರು. ಪರಿಣಾಮ ನೂರು ವರ್ಷ ಉಳಿಯಿತು. ಯುರೋಪಿನ ಶಾಲೆಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ತರಗತಿಯಲ್ಲಿ ಕೈಯಾಡಿಸಿದ ಮಕ್ಕಳು ಶಿಕ್ಷೆ ಉಂಡರು. ಭಾಷೆ ಸಾಯಲಿಲ್ಲ; ಹಾಸ್ಟೆಲಿನಲ್ಲಿ, ಆಟದ ಬಯಲಿನಲ್ಲಿ, ಕಿವುಡರ ಸಂಘಗಳಲ್ಲಿ ಬದುಕಿಕೊಂಡಿತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಸರಣಿಯ ಸಮ್ಮೇಳನ ಮಿಲಾನ್ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ಮಿಲಾನ್ ಇರುವ ಇಟಲಿ ತನ್ನ ಸಂಜ್ಞಾ ಭಾಷೆಗೆ ಕಾನೂನಿನ ಮಾನ್ಯತೆ ಕೊಟ್ಟದ್ದು 2021ರಲ್ಲಿ.

ಶಾಸನಕಾರರ ಕಣ್ಣು ತೆರೆಸಿದ್ದರಲ್ಲಿ ಭಾಷಾವಿಜ್ಞಾನದ ಪಾಲು ದೊಡ್ಡದು. ಅಮೆರಿಕದ ಗ್ಯಾಲೊಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ವಿಲಿಯಂ ಸ್ಟೋಕಿ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಜ್ಞೆಗಳು ಮನಬಂದ ಅಭಿನಯಗಳಲ್ಲ, ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಎಂಬ ಘಟಕಗಳಿಂದ ಕಟ್ಟಿದ ಪದಗಳು ಎಂದು ತೋರಿಸಿದರು. ಮುಖಭಾವವೂ ವ್ಯಾಕರಣದ ಭಾಗ: ಹುಬ್ಬು ಏರಿಸಿದರೆ ಅದೇ ವಾಕ್ಯ ಪ್ರಶ್ನೆಯಾಗುತ್ತದೆ. 1981ರಲ್ಲಿ ಸ್ವೀಡನ್ನಿನ ಸಂಸತ್ತು ಕಿವುಡರು ಎರಡು ಭಾಷೆಗಳಲ್ಲಿ ಬಾಳುವವರು ಎಂಬುದನ್ನು ಒಪ್ಪಿತು. 1995ರಲ್ಲಿ ಉಗಾಂಡ ಮತ್ತು ಫಿನ್ಲೆಂಡ್ ದೇಶಗಳ ಸಂವಿಧಾನದಲ್ಲಿ ಸಂಜ್ಞಾ ಭಾಷೆಯ ಹೆಸರು ಸೇರಿತು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಭಾಷೆ ಎಂದರೆ ಆಡುವ ಭಾಷೆಯೂ ಹೌದು, ಸಂಜ್ಞಾ ಭಾಷೆಯೂ ಹೌದು ಎಂದು ತನ್ನ ವ್ಯಾಖ್ಯೆಯಲ್ಲೇ ಬರೆಯಿತು. ವಿಶ್ವ ಕಿವುಡರ ಒಕ್ಕೂಟ ಸ್ಥಾಪನೆಯಾದ ಸೆಪ್ಟೆಂಬರ್ 23ನ್ನು 2018ರಿಂದ ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನವಾಗಿ ಆಚರಿಸಲಾಗುತ್ತಿದೆ.

ಕಾನೂನಿನ ಹಾದಿ ಎರಡು. ಒಂದು, ಕಿವುಡುತನವನ್ನು ಅಂಗವೈಕಲ್ಯವೆಂದು ಪರಿಗಣಿಸಿ ತಾರತಮ್ಯವನ್ನು ನಿಷೇಧಿಸುವುದು. ಇನ್ನೊಂದು, ಕಿವುಡರನ್ನು ಭಾಷಾ ಅಲ್ಪಸಂಖ್ಯಾತರೆಂದು ಕಂಡು ಅವರ ಭಾಷೆಗೆ ಸ್ಥಾನ ಕೊಡುವುದು. ಅಮೆರಿಕ ಮೊದಲ ಹಾದಿ ಹಿಡಿಯಿತು. ಅಲ್ಲಿ ಒಕ್ಕೂಟ ಸರ್ಕಾರದ ಮಟ್ಟದಲ್ಲಿ ಅಮೆರಿಕನ್ ಸಂಜ್ಞಾ ಭಾಷೆಯನ್ನು ಅಧಿಕೃತ ಭಾಷೆಯೆಂದು ಸಾರಿದ ಶಾಸನ ಇಲ್ಲ. ಆದರೆ 1990ರ ಅಂಗವಿಕಲರ ಕಾಯಿದೆಯ ಪ್ರಕಾರ ಆಸ್ಪತ್ರೆಯೂ ನ್ಯಾಯಾಲಯವೂ ದುಭಾಷಿಯ ವೆಚ್ಚವನ್ನು ರೋಗಿಯ ಅಥವಾ ಕಕ್ಷಿದಾರರ ಮೇಲೆ ಹಾಕುವಂತಿಲ್ಲ; ದೂರವಾಣಿ ಕಂಪನಿಗಳು ಕಿವುಡರ ಕರೆಗಳನ್ನು ದಾಟಿಸುವ ಸೇವೆ ಒದಗಿಸಲೇಬೇಕು. ಭಾಷೆಗೆ ಕಿರೀಟ ತೊಡಿಸಿ ಸೇವೆ ಮರೆತ ಹಲವು ದೇಶಗಳಿಗಿಂತ ಇದು ಎಷ್ಟೋ ಮೇಲು. ಹಾಗೆಂದು ಮೊದಲ ಹಾದಿಯೊಂದೇ ಸಾಲದು. ತಾರತಮ್ಯ ನಿಷೇಧದ ಕಾನೂನು ಕೆಲಸ ಮಾಡುವುದು ಅನ್ಯಾಯವಾದ ಮೇಲೆ, ನೊಂದವರು ದೂರು ಕೊಟ್ಟ ಮೇಲೆ. ಶಾಲೆಯಲ್ಲಿ ಆ ಭಾಷೆ ಪಾಠವಾಗುವುದು, ದುಭಾಷಿಗಳ ತರಬೇತಿಗೆ ಹಣ ಬರುವುದು, ಕಿವುಡ ಮಗುವಿನ ಹೆತ್ತವರು ಕಲಿಯುವುದು ಇವೆಲ್ಲ ಭಾಷಾ ನೀತಿಯ ಕೆಲಸಗಳು.

ಸ್ಕಾಟ್ಲೆಂಡಿನ ಕಾನೂನು

ಎರಡನೆಯ ಹಾದಿಯಲ್ಲಿ ಬಂದ ಶಾಸನಗಳಲ್ಲಿ ಸೇವೆಗೂ ಭಾಷೆಗೂ ಗಂಟು ಹಾಕಿದ್ದು ಬ್ರಿಟಿಷ್ ಸಂಜ್ಞಾ ಭಾಷಾ (ಸ್ಕಾಟ್ಲೆಂಡ್) ಕಾಯಿದೆ, 2015. ಲೇಬರ್ ಪಕ್ಷದ ಸದಸ್ಯ ಮಾರ್ಕ್ ಗ್ರಿಫಿನ್ ಇದನ್ನು ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ ಖಾಸಗಿ ಮಸೂದೆಯಾಗಿ ಮಂಡಿಸಿದರು. ಅದಕ್ಕೆ ಮೊದಲು ಕ್ಯಾಥಿ ಕ್ರೇಗಿ ಎಂಬ ಸದಸ್ಯೆ ಇಂಥದ್ದೇ ಪ್ರಸ್ತಾವ ತಂದಿದ್ದರು. ಮಸೂದೆಯ ಪರಿಶೀಲನೆ ನಡೆದ ರೀತಿಯೇ ಗಮನಾರ್ಹ. ಯಾವ ಜನರಿಗಾಗಿ ಕಾನೂನು ಮಾಡುತ್ತೇವೋ ಅವರು ಇಂಗ್ಲಿಷಿನಲ್ಲಿ ಬರೆದು ಅಭಿಪ್ರಾಯ ಕಳಿಸಬೇಕೆಂದು ಕೇಳುವುದು ಅಸಂಬದ್ಧವಾದ್ದರಿಂದ, ಸಂಸತ್ತಿನ ಸಮಿತಿ ಫೇಸ್‌ಬುಕ್ ಗುಂಪಿನ ಮೂಲಕ ಸಂಜ್ಞಾ ಭಾಷೆಯ ವಿಡಿಯೋಗಳನ್ನೇ ಸ್ವೀಕರಿಸಿತು. 2015ರ ಸೆಪ್ಟೆಂಬರ್ 17ರಂದು ಮಸೂದೆ ಸರ್ವಾನುಮತದಿಂದ ಅಂಗೀಕಾರವಾಯಿತು. ಅಕ್ಟೋಬರ್ 22ರಂದು ರಾಣಿಯ ಒಪ್ಪಿಗೆ ದೊರೆಯಿತು. 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಸುಮಾರು 12,500 ಜನ ಮನೆಯಲ್ಲಿ ಬ್ರಿಟಿಷ್ ಸಂಜ್ಞಾ ಭಾಷೆ ಬಳಸುವುದಾಗಿ ಹೇಳಿದ್ದರು. ಇಷ್ಟು ಸಣ್ಣ ಸಮುದಾಯಕ್ಕಾಗಿ ಇಡೀ ಸಂಸತ್ತು ಒಂದಾದದ್ದು ಮೆಚ್ಚಬೇಕಾದ ಸಂಗತಿ.

ಕಾಯಿದೆ ಗಾತ್ರದಲ್ಲಿ ಚಿಕ್ಕದು. ಅದರ ತಿರುಳು ಯೋಜನೆ ಎಂಬ ಉಪಾಯ. ಸ್ಕಾಟ್ಲೆಂಡಿನ ಮಂತ್ರಿಗಳು ಈ ಭಾಷೆಯ ಬಳಕೆಗೂ ತಿಳಿವಳಿಕೆಗೂ ಉತ್ತೇಜನ ಕೊಡಬೇಕು, ರಾಷ್ಟ್ರೀಯ ಯೋಜನೆಯೊಂದನ್ನು ಪ್ರಕಟಿಸಬೇಕು. ಅದರ ಬೆನ್ನಿಗೆ ಸ್ಥಳೀಯ ಆಡಳಿತಗಳು, ಪ್ರಾದೇಶಿಕ ಆರೋಗ್ಯ ಮಂಡಳಿಗಳು, ಕಾಲೇಜು, ವಿಶ್ವವಿದ್ಯಾಲಯಗಳು ತಂತಮ್ಮ ಯೋಜನೆ ಬರೆಯಬೇಕು. ಕರಡು ಸಿದ್ಧವಾದಾಗ ಸಂಜ್ಞಾ ಭಾಷೆ ಬಳಸುವವರನ್ನು ಕೇಳಲೇಬೇಕು. ಯೋಜನೆಗಳು ಸಂಜ್ಞಾ ಭಾಷೆಯಲ್ಲೂ, ಅಂದರೆ ವಿಡಿಯೋ ರೂಪದಲ್ಲೂ, ಸಿಗಬೇಕು. ಆರು ವರ್ಷಕ್ಕೊಮ್ಮೆ ಹೊಸ ಯೋಜನೆ, ನಡುವೆ ಪ್ರಗತಿ ವರದಿ. ಗೇಲಿಕ್ ಭಾಷೆಯ ಉಳಿವಿಗಾಗಿ ಸ್ಕಾಟ್ಲೆಂಡ್ 2005ರಲ್ಲಿ ಮಾಡಿದ ಕಾನೂನಿನಲ್ಲೂ ಇದೇ ಬಗೆಯ ಯೋಜನಾ ಪದ್ಧತಿಯಿದೆ. ಕಣ್ಣೂ ಕಿವಿಯೂ ಎರಡೂ ಮಂದವಾದವರು ಇನ್ನೊಬ್ಬರ ಕೈಯನ್ನು ಮುಟ್ಟಿ ತಿಳಿಯುವ ಸ್ಪರ್ಶ ರೂಪದ ಸಂಜ್ಞೆಯನ್ನೂ ಕಾಯಿದೆ ತನ್ನೊಳಗೆ ಸೇರಿಸಿಕೊಂಡಿದೆ. ಬಹಳ ಕಾನೂನುಗಳು ಮರೆಯುವ ಜನ ಇವರು.

ಮೊದಲ ರಾಷ್ಟ್ರೀಯ ಯೋಜನೆ 2017ರ ಅಕ್ಟೋಬರಿನಲ್ಲಿ ಬಂತು. ಅದರಲ್ಲಿ 10 ದೀರ್ಘಕಾಲದ ಗುರಿಗಳು, 70 ನಿರ್ದಿಷ್ಟ ಕೆಲಸಗಳಿದ್ದವು: ಶಿಶುವಿಹಾರದಿಂದ ಹಿಡಿದು ಸಾರಿಗೆ, ಉದ್ಯೋಗ, ನ್ಯಾಯ, ಚುನಾವಣೆಯವರೆಗೆ. 2023ರಿಂದ 2029ರವರೆಗಿನ ಎರಡನೆಯ ಯೋಜನೆ ಜಾರಿಯಲ್ಲಿದೆ. ಈ ಕಾನೂನಿನ ಜೊತೆಜೊತೆಗೇ ಬೆಳೆದ ಒಂದು ಸೇವೆಯನ್ನು ಹತ್ತಿರದಿಂದ ನೋಡಬೇಕು. 'ಕಾಂಟ್ಯಾಕ್ಟ್ ಸ್ಕಾಟ್ಲೆಂಡ್ ಬಿಎಸ್ಎಲ್' ಎಂಬ ಇದರಲ್ಲಿ ಕಿವುಡರು ಮೊಬೈಲಿನಲ್ಲಿ ವಿಡಿಯೋ ಕರೆ ಮಾಡಿದರೆ ತೆರೆಯ ಮೇಲೆ ದುಭಾಷಿ ಬರುತ್ತಾರೆ. ಕೈಯಲ್ಲಿ ಹೇಳಿದ್ದನ್ನು ಅವರು ಫೋನಿನ ಇನ್ನೊಂದು ತುದಿಯಲ್ಲಿರುವ ನಗರಸಭೆಯ ಗುಮಾಸ್ತರಿಗೋ ಕ್ಲಿನಿಕ್ಕಿನ ನರ್ಸಿಗೋ ಮಾತಿನಲ್ಲಿ ಮುಟ್ಟಿಸಿ, ಅವರ ಉತ್ತರವನ್ನು ಕೈಗೆ ತಿರುಗಿಸುತ್ತಾರೆ. ಕರೆ ಮಾಡಿದವರಿಗೆ ಖರ್ಚಿಲ್ಲ. ಮನೆಯ ನಲ್ಲಿ ಕೆಟ್ಟಿದ್ದನ್ನು ಹೇಳಲು ನೆರೆಮನೆಯವರ ದಾಕ್ಷಿಣ್ಯಕ್ಕೆ ಕಾಯಬೇಕಾಗಿಲ್ಲ ಎಂಬುದು ಕೇಳಬಲ್ಲವರಿಗೆ ಸಣ್ಣ ಸಂಗತಿ. ಜೀವನವಿಡೀ ಇನ್ನೊಬ್ಬರ ಬಾಯಿಯನ್ನು ಆಶ್ರಯಿಸಿದವರಿಗೆ ಅದೇ ಸ್ವಾತಂತ್ರ್ಯ.

ಕೊರತೆಗಳನ್ನೂ ಹೇಳಬೇಕು. ಕಾಯಿದೆ ವ್ಯಕ್ತಿಗೆ ನೇರ ಹಕ್ಕು ಕೊಡುವುದಿಲ್ಲ. ಯೋಜನೆ ಬರೆಯದ ಅಥವಾ ಬರೆದು ಮಡಿಸಿಟ್ಟ ಸಂಸ್ಥೆಗೆ ದಂಡವಿಲ್ಲ. ಹಾಗಾಗಿ ಒಂದು ಊರಿನ ಯೋಜನೆ ಗಟ್ಟಿ, ಇನ್ನೊಂದರದು ಪೊಳ್ಳು. ದುಭಾಷಿ ಸಿಗದೆ ಚಿಕಿತ್ಸೆ ಕೆಟ್ಟವರು ನ್ಯಾಯ ಕೇಳಬೇಕಾದರೆ ಇವತ್ತಿಗೂ 2010ರ ಸಮಾನತೆ ಕಾಯಿದೆಯನ್ನೇ ಹಿಡಿಯಬೇಕು. ಆದರೂ ಪ್ರತಿಯೊಂದು ಆರೋಗ್ಯ ಮಂಡಳಿಯೂ ಕಿವುಡರ ಮುಂದೆ ಕೂತು ನಿಮಗೇನು ಮಾಡಬೇಕು ಎಂದು ಕೇಳುವಂತೆ ಮಾಡಿದ್ದು ಈ ಕಾನೂನಿನ ಸಾಧನೆಯೇ.

ಬ್ರಿಟನ್, ಐರ್ಲೆಂಡ್ ಮತ್ತು ಇತರೆಡೆ

ಬ್ರಿಟಿಷ್ ಸರ್ಕಾರ 2003ರ ಮಾರ್ಚ್ 18ರಂದು ಬ್ರಿಟಿಷ್ ಸಂಜ್ಞಾ ಭಾಷೆ ಸ್ವತಂತ್ರ ಭಾಷೆ ಎಂದು ಹೇಳಿಕೆ ಕೊಟ್ಟಿತು. ಅದು ಹೇಳಿಕೆ ಮಾತ್ರ, ಕಾನೂನಲ್ಲ. ಕೋವಿಡ್ ಕಾಲದಲ್ಲಿ ಇದರ ಬೆಲೆ ತಿಳಿಯಿತು: ಲಂಡನ್ನಿನ ಸರ್ಕಾರಿ ಪತ್ರಿಕಾಗೋಷ್ಠಿಗಳ ವೇದಿಕೆಯಲ್ಲಿ ಸಂಜ್ಞಾ ಭಾಷೆಯ ದುಭಾಷಿ ಇರಲಿಲ್ಲ. 2020ರ ಎರಡು ಗೋಷ್ಠಿಗಳಲ್ಲಿ ದುಭಾಷಿಯೇ ಇಲ್ಲದಿದ್ದದ್ದು ಕಾನೂನುಬಾಹಿರ ತಾರತಮ್ಯ ಎಂದು ಹೈಕೋರ್ಟು 2021ರ ಜುಲೈನಲ್ಲಿ ತೀರ್ಪಿತ್ತಿತು. ಕಿವುಡ ತಂದೆತಾಯಿಯ ಮಗಳಾಗಿ ಬೆಳೆದ ಸಂಸತ್ ಸದಸ್ಯೆ ರೋಸಿ ಕೂಪರ್ ಮಂಡಿಸಿದ ಖಾಸಗಿ ಮಸೂದೆ 2022ರ ಏಪ್ರಿಲ್ 28ರಂದು ಕಾಯಿದೆಯಾಯಿತು. ಇದು ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಭಾಷೆಯಾಗಿ ಬ್ರಿಟಿಷ್ ಸಂಜ್ಞಾ ಭಾಷೆಯನ್ನು ಮಾನ್ಯ ಮಾಡಿತು. ಸರ್ಕಾರಿ ಇಲಾಖೆಗಳು ಈ ಭಾಷೆಗಾಗಿ ಏನು ಮಾಡಿದವು ಎಂಬ ವರದಿಯನ್ನು ಮಂತ್ರಿ ಆಗಾಗ ಪ್ರಕಟಿಸಬೇಕು. ಅದೇ ವರ್ಷ ಬಂದ ಇನ್ನೊಂದು ಕಾನೂನು ನ್ಯಾಯದರ್ಶಿಗಳ (ಜ್ಯೂರಿ) ಕೋಣೆಯೊಳಕ್ಕೆ ದುಭಾಷಿಯನ್ನು ಬಿಟ್ಟಿತು. 12 ಜನರ ಆ ಕೋಣೆಯಲ್ಲಿ 13ನೆಯವರು ಇರಬಾರದೆಂಬ ಹಳೆಯ ನಿಯಮದಿಂದಾಗಿ ಕಿವುಡರು ಜ್ಯೂರಿಯಿಂದ ಹೊರಗುಳಿದಿದ್ದರು.

ಐರ್ಲೆಂಡಿನ ಕಥೆ ಕೊಂಚ ಬೇರೆ. ಅಲ್ಲಿನ ಕಿವುಡ ಹುಡುಗರೂ ಹುಡುಗಿಯರೂ ಡಬ್ಲಿನ್ನಿನ ಪ್ರತ್ಯೇಕ ಕ್ಯಾಥೊಲಿಕ್ ವಸತಿ ಶಾಲೆಗಳಲ್ಲಿ ಕಲಿತದ್ದರಿಂದ ಹಳೆಯ ತಲೆಮಾರಿನ ಗಂಡಸರ ಮತ್ತು ಹೆಂಗಸರ ಸಂಜ್ಞೆಗಳಲ್ಲೇ ವ್ಯತ್ಯಾಸವಿತ್ತು. ಸೆನೆಟರ್ ಮಾರ್ಕ್ ಡಾಲಿ ಮಂಡಿಸಿದ ಐರಿಷ್ ಸಂಜ್ಞಾ ಭಾಷಾ ಕಾಯಿದೆಗೆ 2017ರ ಡಿಸೆಂಬರ್ 24ರಂದು ರಾಷ್ಟ್ರಾಧ್ಯಕ್ಷರ ಅಂಕಿತ ಬಿತ್ತು. ಜಾರಿಗೆ ಬಂದದ್ದು ಮೂರು ವರ್ಷಗಳ ನಂತರ, 2020ರ ಡಿಸೆಂಬರ್ 23ರಂದು. ಸರ್ಕಾರಿ ಸಂಸ್ಥೆಯಿಂದ ಕಾನೂನುಬದ್ಧ ಸೇವೆ ಕೇಳಿ ಬಂದವರಿಗೆ ಅದೇ ಸಂಸ್ಥೆ ಉಚಿತವಾಗಿ ದುಭಾಷಿಯನ್ನು ಒದಗಿಸಲು ಸಾಧ್ಯವಾದದ್ದೆಲ್ಲ ಮಾಡಬೇಕು ಎನ್ನುತ್ತದೆ ಈ ಕಾಯಿದೆ. ಹಣ ಕೊಡುವ ಕೈಯನ್ನು ಹೆಸರಿಸಿದ್ದರಿಂದ, ಬರಹದ ಮಟ್ಟಿಗೆ ಇದು ಬ್ರಿಟನ್ನಿನ ಕಾನೂನಿಗಿಂತ ಗಟ್ಟಿ.

ನ್ಯೂಜಿಲೆಂಡ್ 2006ರಲ್ಲೇ ತನ್ನ ಸಂಜ್ಞಾ ಭಾಷೆಯನ್ನು ಅಧಿಕೃತ ಭಾಷೆಯೆಂದು ಸಾರಿ ಹೆಸರು ಮಾಡಿತು. ಆದರೆ ಆ ಕಾಯಿದೆ ಜಾರಿ ಮಾಡಿಸಬಲ್ಲ ಹಕ್ಕು ಕೊಟ್ಟದ್ದು ನ್ಯಾಯಾಲಯದ ಕಲಾಪಗಳಲ್ಲಿ ಮಾತ್ರ. ಇಲಾಖೆಗಳಿಗೆ ಬರೀ ಮಾರ್ಗದರ್ಶಿ ತತ್ವಗಳು. ದಕ್ಷಿಣ ಆಫ್ರಿಕ 2023ರ ಜುಲೈನಲ್ಲಿ ಸಂವಿಧಾನ ತಿದ್ದಿ ತನ್ನ ಸಂಜ್ಞಾ ಭಾಷೆಯನ್ನು 12ನೆಯ ಅಧಿಕೃತ ಭಾಷೆ ಮಾಡಿತು. ಫಿನ್ಲೆಂಡ್ ಲೆಕ್ಕವನ್ನೇ ಬರೆದಿಟ್ಟಿದೆ: ಕಿವುಡರಿಗೆ ವರ್ಷಕ್ಕೆ ಕನಿಷ್ಠ 180 ಗಂಟೆ, ದೃಷ್ಟಿಯೂ ಇಲ್ಲದವರಿಗೆ 360 ಗಂಟೆ ದುಭಾಷಿಯ ಉಚಿತ ಸೇವೆ. ಘೋಷಣೆಗಿಂತ ಇಂಥ ಗಂಟೆಯ ಲೆಕ್ಕ ಹೆಚ್ಚು ಉಪಕಾರಿ.

ದುಭಾಷಿಗಳು, ಮಕ್ಕಳು

ಎಲ್ಲ ಕಡೆಯೂ ಈ ಕಾನೂನುಗಳು ಮುಗ್ಗರಿಸುವುದು ದುಭಾಷಿಗಳ ಕೊರತೆಯಲ್ಲಿ. ಒಳ್ಳೆಯ ದುಭಾಷಿ ತಯಾರಾಗಲು ವರ್ಷಗಳು ಬೇಕು. ಗಂಭೀರ ಸಂದರ್ಭಗಳಲ್ಲಿ ಇಬ್ಬರು ಬೇಕಾಗುತ್ತಾರೆ. ಸುಮಾರು ಅರ್ಧ ಗಂಟೆಯೊಳಗೇ ದಣಿವಿನಿಂದ ತಪ್ಪುಗಳು ನುಸುಳುವುದರಿಂದ ಸರದಿಯಲ್ಲಿ ಕೆಲಸ ಮಾಡುತ್ತಾರೆ. ವಿಡಿಯೋ ಮೂಲಕ ದೂರದಿಂದ ದುಭಾಷೆ ಮಾಡಿಸುವುದು ಹಳ್ಳಿಗಳಿಗೆ ವರ. ಹೆರಿಗೆ ಕೋಣೆಯಲ್ಲಿ, ಮನೋರೋಗ ಚಿಕಿತ್ಸೆಯಲ್ಲಿ, ಪೊಲೀಸ್ ವಿಚಾರಣೆಯಲ್ಲಿ ಮಾತ್ರ ಎದುರಿಗೆ ಮನುಷ್ಯರೇ ಇರಬೇಕು.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಹುಟ್ಟುವುದು ಕೇಳಬಲ್ಲ ತಂದೆತಾಯಿಗೆ. ಮನೆಯವರಿಗೆ ಸಂಜ್ಞಾ ಭಾಷೆ ಬಾರದಿದ್ದರೆ ಮಗು ಮೊದಲ ಐದು ವರ್ಷ ಯಾವ ಭಾಷೆಯೂ ಪೂರ್ತಿ ದಕ್ಕದೆ ಕಳೆಯಬಹುದು. ಆ ನಷ್ಟವನ್ನು ಮುಂದೆ ಯಾವ ದುಭಾಷಿಯೂ ತುಂಬಿಕೊಡಲಾರರು. ಒಳಗಿವಿಗೆ ಅಳವಡಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಗುವಿಗೂ ಸಂಜ್ಞಾ ಭಾಷೆ ಅಡ್ಡಿಯಲ್ಲ, ಆಸರೆ. ಸ್ವೀಡನ್ ಹೆತ್ತವರಿಗೆ 240 ಗಂಟೆಗಳವರೆಗೆ ಸಂಜ್ಞಾ ಭಾಷೆ ಕಲಿಸುವ ಯೋಜನೆ ನಡೆಸುತ್ತದೆ. ಉಳಿದ ದೇಶಗಳ ಕಾನೂನುಗಳಲ್ಲಿ ಹೆತ್ತವರಿಗೆ ಸಿಕ್ಕ ಜಾಗ ತೀರಾ ಕಡಿಮೆ.

ಭಾರತ

ಭಾರತದ 2011ರ ಜನಗಣತಿಯಲ್ಲಿ 50 ಲಕ್ಷ 71 ಸಾವಿರ ಜನರಿಗೆ ಶ್ರವಣದೋಷವಿದೆಯೆಂದು ದಾಖಲಾಗಿದೆ. ಕರ್ನಾಟಕದಲ್ಲಿ ಸುಮಾರು 2 ಲಕ್ಷ 35 ಸಾವಿರ. ಭಾರತೀಯ ಸಂಜ್ಞಾ ಭಾಷೆಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲೂ ಅದು ಸೇರಿಲ್ಲ. ಆಧಾರವೆಂದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ. ಅದು ಸಂಜ್ಞಾ ಭಾಷೆಯನ್ನು ಸಂವಹನದ ಒಂದು ಮಾರ್ಗವೆಂದು ಒಪ್ಪುತ್ತದೆ, ಶಿಕ್ಷಕರಿಗೆ ಅದರ ತರಬೇತಿ ಬೇಕೆನ್ನುತ್ತದೆ, ನ್ಯಾಯಾಲಯದಲ್ಲಿ ವ್ಯಕ್ತಿ ಬಯಸಿದ ಭಾಷೆಯಲ್ಲಿ, ಬಯಸಿದ ವಿಧಾನದಲ್ಲಿ ಸಾಕ್ಷ್ಯ ದಾಖಲಿಸಲು ಹೇಳುತ್ತದೆ. ಬಾಯಿಮಾತಿನಲ್ಲಿ ಹೇಳಲಾಗದ ಸಾಕ್ಷಿಗೆ ದುಭಾಷಿಯನ್ನು ಒದಗಿಸಿ ಹೇಳಿಕೆಯನ್ನು ವಿಡಿಯೋ ಚಿತ್ರೀಕರಿಸಬೇಕೆಂಬ ನಿಯಮ 2013ರ ತಿದ್ದುಪಡಿಯಿಂದ ಸಾಕ್ಷ್ಯ ಕಾನೂನಿನಲ್ಲಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಕಿವುಡ ಹೆಣ್ಣುಮಕ್ಕಳ ಪ್ರಕರಣಗಳಲ್ಲಿ ಈ ಒಂದು ನಿಯಮದ ಮೇಲೆ ಇಡೀ ಮೊಕದ್ದಮೆ ನಿಂತಿರುತ್ತದೆ.

2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 2018ರಲ್ಲಿ 3,000 ಪದಗಳೊಂದಿಗೆ ಹೊರಬಂದ ಅದರ ವಿಡಿಯೋ ನಿಘಂಟು 2021ರಲ್ಲಿ 10,000 ಪದಗಳಿಗೆ ಬೆಳೆಯಿತು. ದುಭಾಷಿಗಳಿಗೂ, ಸಂಜ್ಞಾ ಭಾಷೆ ಕಲಿಸುವ ಕಿವುಡ ಶಿಕ್ಷಕರಿಗೂ ಅಲ್ಲಿ ಡಿಪ್ಲೊಮಾ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸಂಜ್ಞಾ ಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸುವ ಮಾತಾಡಿದೆ. ಸ್ಥಳೀಯ ಸಂಜ್ಞೆಗಳನ್ನು ಗೌರವಿಸುವುದಾಗಿಯೂ ಅದು ಹೇಳುತ್ತದೆ. ಈ ಎರಡನೆಯ ಮಾತನ್ನು ಬಿಡಬಾರದು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲಿಪುರದಲ್ಲಿ ಹಲವು ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚಿರುವುದರಿಂದ ಊರಿನದೇ ಆದ ಒಂದು ಸಂಜ್ಞಾ ಭಾಷೆ ಬೆಳೆದಿದೆ. ಅಲ್ಲಿ ಕೇಳಬಲ್ಲವರೂ ಅದನ್ನು ಬಳಸುತ್ತಾರೆ. ಭಾಷಾವಿಜ್ಞಾನಿಗಳು ದಾಖಲಿಸಿರುವ ಈ ಭಾಷೆ ದೆಹಲಿಯ ನಿಘಂಟಿನ ಭಾಷೆಗಿಂತ ಬೇರೆ.

ನ್ಯಾಯಾಲಯಗಳು ಈಚೆಗೆ ಕೆಲವು ಹೆಜ್ಜೆ ಇಟ್ಟಿವೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ ಸಂಜ್ಞಾ ಭಾಷೆಯಲ್ಲೇ ವಾದ ಮಂಡಿಸಿದರು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಅಂಗವಿಕಲರಿಗೆ ಒದಗಿಸುವ ಸೌಲಭ್ಯಗಳ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕು ಎಂದಿತು.

ಭಾರತಕ್ಕೆ ಈಗ ಬೇಕಾದದ್ದು ಇನ್ನೊಂದು ದಿನಾಚರಣೆಯಲ್ಲ. ಜಿಲ್ಲಾ ಆಸ್ಪತ್ರೆಗೆ, ಜಿಲ್ಲಾ ನ್ಯಾಯಾಲಯಕ್ಕೆ, ಪೊಲೀಸ್ ಠಾಣೆಗೆ ದುಭಾಷಿಯನ್ನು ಒದಗಿಸುವ ಹೊಣೆಯನ್ನು ಹೆಸರು ಹೇಳಿ ಹೊರಿಸುವ, ಅದಕ್ಕೆ ಬಜೆಟ್ಟಿನಲ್ಲಿ ಹಣ ಇಡುವ ಕಾನೂನು ಬೇಕು. ಅದು ಬರುವವರೆಗೆ ಇರುವ ಕಾಯಿದೆಯನ್ನೇ ಬಳಸಬೇಕು. ಸರ್ಕಾರಿ ಕಚೇರಿಯಲ್ಲಿ ಸಂಜ್ಞಾ ಭಾಷೆಯ ನೆರವು ಸಿಗದ ಕಿವುಡರು ಅಥವಾ ಅವರ ಮನೆಯವರು 2016ರ ಕಾಯಿದೆಯಡಿ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಕಾಯಿದೆಯ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಅನಂತರ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.